ಬಾಡಿಗೆ ಮನೆ: ಪೇಂಟೂ ಬೇಡ, ಮೊಳೆಯೂ ಬೇಡ, ಆದರೆ ಬಣ್ಣ ಬೇಕು

ಅಂಗಳ22:

ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆ, ಎಲ್ಲ ಗೋಡೆಗಳೂ ಮಾಸಲು ಬಿಳಿ. ಪೇಂಟ್ ಬದಲಿಸುವಂತಿಲ್ಲ, ಡ್ರಿಲ್ ಮಾಡುವಂತಿಲ್ಲ, ಖಾಲಿ ಮಾಡುವಾಗ ಈಗಿರುವ ಹಾಗೆಯೇ ಒಪ್ಪಿಸಬೇಕು. ಹಾಲ್‌ನಲ್ಲಿ ಸೋಫಾ ಹಿಂದಿನ ಗೋಡೆ 350 ಸೆಂ.ಮೀ. ಅಗಲ, 270 ಸೆಂ.ಮೀ. ಎತ್ತರ ಇದೆ. ಅದಕ್ಕೆ ಸ್ಟಿಕ್ಕರ್ ತರಹದ ವಾಲ್‌ಪೇಪರ್ ಹಾಕುವ ಯೋಚನೆ. ಕೀಳುವಾಗ ಪೇಂಟೂ ಜೊತೆಗೇ ಬರುತ್ತದೆ ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು. ಯಾವುದು ನಿಜ? ಎಷ್ಟು ರೋಲ್ ಬೇಕಾಗಬಹುದು? ಮಲಗುವ ಕೋಣೆಯ ಕಿಟಕಿಗೆ (120 ಸೆಂ.ಮೀ. ಅಗಲ) ಕರ್ಟನ್ ರಾಡೇ ಇಲ್ಲ, ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಸುಣ್ಣಬಣ್ಣ:

ಎರಡೂ ನಿಜ, ಗೋಡೆ ಯಾವುದು ಅನ್ನುವುದರ ಮೇಲೆ. ಗೋಡೆಯ ಮೇಲೆ ಪುಟ್ಟಿ, ಪ್ರೈಮರ್, ಪೇಂಟ್ ಅಂತ ಪದರಗಳಿರುತ್ತವೆ. ಸ್ಟಿಕ್ಕರ್ ಕಿತ್ತಾಗ ಇವುಗಳಲ್ಲಿ ಯಾವುದರ ಹಿಡಿತ ಎಲ್ಲಕ್ಕಿಂತ ಸಡಿಲವೋ ಅದೇ ಬಿಟ್ಟು ಬರುತ್ತದೆ. ಅದು ಅಂಟಾಗಿದ್ದರೆ ನಿಮ್ಮ ಪುಣ್ಯ, ಪುಟ್ಟಿಯಾಗಿದ್ದರೆ ಅಂಗೈ ಅಗಲದ ಚಕ್ಕೆ ಎದ್ದು ಬರುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಒದ್ದೆ ಮಾಡಿ ಹಿಂಡಿದ ಕಪ್ಪು ಬಟ್ಟೆಯಿಂದ ಸೋಫಾ ಹಿಂದೆ ಕಾಣದ ಜಾಗದಲ್ಲಿ ಹತ್ತು ಹದಿನೈದು ಸಲ ಉಜ್ಜಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಅದು ಡಿಸ್ಟೆಂಪರ್ (ಸೀಮೆಸುಣ್ಣ ಬೆರೆತ ಅಗ್ಗದ ಪೇಂಟ್) ಅಥವಾ ಸುಣ್ಣ, ಅಲ್ಲಿಗೆ ಅಂಟಿನ ಮಾತು ಮುಗಿಯಿತು. ಪುಡಿ ಬರದಿದ್ದರೆ ವಾಲ್‌ಪೇಪರಿನದೇ ಒಂದು ಸ್ಯಾಂಪಲ್ ತುಂಡನ್ನು ಅದೇ ಜಾಗಕ್ಕೆ ಒತ್ತಿ ಅಂಟಿಸಿ, ಮೂರು ದಿನ ಬಿಟ್ಟು ಕಿತ್ತು ನೋಡಿ. ಒಂದು ಗಂಟೆಯ ಪರೀಕ್ಷೆ ನಂಬಬೇಡಿ, ಈ ಬಗೆಯ ಅಂಟು ದಿನ ಕಳೆದ ಹಾಗೆ ಇನ್ನೂ ಬಿಗಿಯಾಗುತ್ತದೆ.

ಹೊಸದಾಗಿ ಪೇಂಟ್ ಆದ ಗೋಡೆಯಾದರೆ ಕನಿಷ್ಠ ನಾಲ್ಕು ವಾರ ಕಾಯಬೇಕು. ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಕೈಗೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಿರುವುದಿಲ್ಲ. ತೇವ ಹಿಡಿದು ಉಬ್ಬಿದ, ಬಿಳಿ ಉಪ್ಪು ಮೂಡಿದ ಗೋಡೆಗೆ ಏನನ್ನೂ ಅಂಟಿಸಬೇಡಿ. ಹೊರಬರುವ ತೇವ ಹಿಂದೆಯೇ ಸಿಕ್ಕಿಕೊಂಡು ಬೂಷ್ಟು ಕಟ್ಟುತ್ತದೆ. ಎಲ್ಲಕ್ಕಿಂತ ಒಳ್ಳೆಯದು ತುಸು ಹೊಳಪಿರುವ ನಯವಾದ ಎಮಲ್ಷನ್. ತರಿತರಿ ಟೆಕ್ಸ್ಚರ್ ಇದ್ದರೆ ಅಂಚುಗಳು ವಾರದಲ್ಲೇ ಏಳುತ್ತವೆ.

ರೋಲ್ ಲೆಕ್ಕ: ಚದರ ಮೀಟರ್ ಹಿಡಿದು ಮಾಡಬೇಡಿ, ಪಟ್ಟಿಗಳನ್ನು ಎಣಿಸಿ. ರೋಲ್ 45 ಸೆಂ.ಮೀ. ಅಗಲ, 10 ಮೀ. ಉದ್ದ ಅಂದುಕೊಳ್ಳೋಣ. 350ನ್ನು 45ರಿಂದ ಭಾಗಿಸಿದರೆ 7.8, ಅಂದರೆ 8 ಪಟ್ಟಿ. ಮೇಲೆ ಕೆಳಗೆ ಕತ್ತರಿಸಲು 10 ಸೇರಿಸಿ ಒಂದು ಪಟ್ಟಿ 280 ಸೆಂ.ಮೀ. ಒಂದು ರೋಲ್‌ಗೆ ಮೂರೇ ಪಟ್ಟಿ, ಹಾಗಾಗಿ 3 ರೋಲ್. ವಿಸ್ತೀರ್ಣದ ಲೆಕ್ಕದಲ್ಲಿ ಎರಡಕ್ಕಿಂತ ಚೂರು ಹೆಚ್ಚು ಅಂತ ಬರುತ್ತದೆ, ಜನ ಎರಡೇ ತಂದು ಸಿಕ್ಕಿಬೀಳುವುದು ಅಲ್ಲೇ. ಚಿತ್ತಾರ 53 ಸೆಂ.ಮೀ.ಗೊಮ್ಮೆ ಮರುಕಳಿಸುವಂಥದ್ದಾದರೆ ಹೊಂದಿಸಿಕೊಳ್ಳಲು ಪ್ರತಿ ಪಟ್ಟಿಗೂ ಆರು ಸಲದ ಉದ್ದ, 318 ಸೆಂ.ಮೀ. ಬೇಕು, ಆಗಲೂ ಮೂರೇ ರೋಲ್ ಸಾಕು. ಮೂರರ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ, ಇಲ್ಲವಾದರೆ ಬಣ್ಣದಲ್ಲಿ ಛಾಯೆ ವ್ಯತ್ಯಾಸ ಎದ್ದು ಕಾಣುತ್ತದೆ.

ಕೀಳುವಾಗ ಹೇರ್ ಡ್ರೈಯರನ್ನು 15 ಸೆಂ.ಮೀ. ದೂರ ಹಿಡಿದು ಮೂಲೆಯನ್ನು ಅರ್ಧ ನಿಮಿಷ ಬೆಚ್ಚಗೆ ಮಾಡಿ. ಆಮೇಲೆ ಹಾಳೆಯನ್ನು ಅದರ ಮೇಲೆಯೇ ಮಡಚಿಕೊಂಡು, ಗೋಡೆಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಿರಿ. ನಿಮ್ಮ ಕಡೆಗೆ ನೇರ ಎಳೆದರೆ ಪೇಂಟನ್ನೇ ಗೋಡೆಯಿಂದ ಎಬ್ಬಿಸಿದಂತಾಗುತ್ತದೆ.

ದಾರಸೂಜಿ:

ಕಿಟಕಿಗೆ ಟೆನ್ಷನ್ ರಾಡ್ ಸಾಕು. ಒಳಗೆ ಸ್ಪ್ರಿಂಗ್ ಇರುವ, ಎರಡು ಎದುರುಬದುರು ಗೋಡೆಗಳ ನಡುವೆ ಒತ್ತಿಕೊಂಡು ನಿಲ್ಲುವ ಕಂಬಿ. ಕಿಟಕಿ ಗೋಡೆಯಿಂದ ಒಳಕ್ಕೆ ಇದ್ದರೆ ಮಾತ್ರ ಇದು ನಿಲ್ಲುತ್ತದೆ. ಮೊದಲು ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ, ಗೋಡೆಗಳು ನೆಟ್ಟಗಿರುವುದೇ ಅಪರೂಪ. ರಾಡನ್ನು ಮೇಲಿನ ಅಳತೆಗಿಂತ 2-3 ಸೆಂ.ಮೀ. ಉದ್ದಕ್ಕೆ ತಿರುಗಿಸಿ, ಒತ್ತಿ ಕೂರಿಸಿ. ಜಾರಿ ಬೀಳುವುದಕ್ಕೆ ಸಾಮಾನ್ಯ ಕಾರಣ ಧೂಳು. ರಬ್ಬರ್ ತುದಿ, ಗೋಡೆ ಎರಡನ್ನೂ ಒರೆಸಿ ಹಾಕಿ. ಕಪ್ಪು ರಬ್ಬರ್ ತಿಳಿ ಬಣ್ಣದ ಮೇಲೆ ಗುರುತು ಬಿಡುತ್ತದೆ, ನಡುವೆ ಪಾರದರ್ಶಕ ಸಿಲಿಕಾನ್ ಬಿಲ್ಲೆ ಇಡಿ. ಒಂದೂವರೆ ಮೀಟರ್ ದಾಟಿದರೆ ತೆಳು ರಾಡ್ ನಡುವೆ ಬಾಗುತ್ತದೆ, ನಿಮ್ಮ 120ಕ್ಕೆ ತೊಂದರೆಯಿಲ್ಲ.

ಬಟ್ಟೆ ಒಟ್ಟು 240 ಸೆಂ.ಮೀ. ಅಗಲ ತನ್ನಿ. ಕಿಟಕಿಯಷ್ಟೇ ಅಗಲ ತಂದರೆ ನೆರಿಗೆ ಬೀಳದೆ ಬೆಡ್‌ಶೀಟ್ ಒಣಹಾಕಿದ ಹಾಗೆ ಕಾಣುತ್ತದೆ. ಹತ್ತಿ ಬಟ್ಟೆಯನ್ನು ಹೊಲಿಯುವ ಮೊದಲೇ ಒಮ್ಮೆ ಒಗೆದುಬಿಡಿ, ಕುಗ್ಗುವುದೆಲ್ಲ ಕುಗ್ಗಲಿ.

ಗೋಡೆ ಪರೀಕ್ಷೆಯಲ್ಲಿ ಪಾಸಾದರೆ ವಾಲ್‌ಪೇಪರ್ ಬದಲು ಗಂಜಿ ಹಾಕಿ ಬಟ್ಟೆ ಅಂಟಿಸುವುದನ್ನೂ ನೋಡಿ. ಕಾಲು ಕಪ್ ಕಾರ್ನ್‌ಫ್ಲೋರನ್ನು ಕಾಲು ಕಪ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಎರಡು ಕಪ್ ನೀರಿಗೆ ಸುರಿದು ತಿರುವುತ್ತಿರಿ. ಹಾಲಿನ ಬಿಳುಪು ಹೋಗಿ ಪಾರದರ್ಶಕವಾದಾಗ ಇಳಿಸಿ, ಉಗುರುಬೆಚ್ಚಗೆ ಆಗಲಿ. ತೆಳು ಹತ್ತಿ ಬಟ್ಟೆಯನ್ನು ಎಲ್ಲ ಕಡೆ 4 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿಕೊಳ್ಳಿ. ಗೋಡೆಗೆ ಬ್ರಶ್ಶಿನಿಂದ ಗಂಜಿ ಹಚ್ಚಿ, ಮೇಲಿನಿಂದ ಬಟ್ಟೆ ಕೂರಿಸುತ್ತ ಬನ್ನಿ, ಅದರ ಮೇಲೂ ಒಂದು ಕೈ ಹಚ್ಚಿ. ಹೆಚ್ಚುವರಿ ಅಂಚನ್ನು ಮರುದಿನ ಪೂರ್ತಿ ಒಣಗಿದ ಮೇಲೆಯೇ ಬ್ಲೇಡಿನಿಂದ ಕತ್ತರಿಸಿ, ಒದ್ದೆ ಬಟ್ಟೆ ಬ್ಲೇಡಿಗೆ ಸಿಕ್ಕಿ ಎಳೆಯುತ್ತದೆ. ತೆಗೆಯಲು ಬೆಚ್ಚನೆ ನೀರಿನ ಸ್ಪಂಜು ಒತ್ತಿ ಕಾಲು ಗಂಟೆ ಬಿಟ್ಟರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಗೋಡೆಯನ್ನು ಒರೆಸಿದರಾಯಿತು.

ಕೆಡುವುದು ಬಣ್ಣ ಬಿಡುವ ಬಟ್ಟೆಯಿಂದ. ಒದ್ದೆ ಬಟ್ಟೆಯ ಮೇಲೆ ಬಿಳಿ ಕರ್ಚೀಫ್ ಇಟ್ಟು ಇಸ್ತ್ರಿ ಮಾಡಿ. ಕರ್ಚೀಫಿಗೆ ಚೂರು ಬಣ್ಣ ಹತ್ತಿದರೂ ಆ ಬಟ್ಟೆ ಗೋಡೆಗೆ ಬೇಡ. ತೇವದ ಕೋಣೆಗೆ ಗಂಜಿಯೇ ಬೇಡ, ಬೂಷ್ಟಿಗೂ ಹುಳಗಳಿಗೂ ಅದು ಆಹಾರ.

ಅಂಗಳ22:

ಇಬ್ಬರಿಗೂ ಧನ್ಯವಾದ. ಕಪ್ಪು ಬಟ್ಟೆಯಿಂದ ಉಜ್ಜಿದೆ, ಪೂರ್ತಿ ಬೆಳ್ಳಗಾಯಿತು. ಒಣ ಅಂಗೈಗೂ ಪುಡಿ ಹತ್ತುತ್ತದೆ. ಹಾಗಾದರೆ ಆ ದೊಡ್ಡ ಗೋಡೆಗೆ ಬೇರೆ ದಾರಿಯೇ ಇಲ್ಲವೇ?

ಸುಣ್ಣಬಣ್ಣ:

ಅಂಟು, ಗಂಜಿ, ಸ್ಟಿಕ್ಕರ್ ಹುಕ್ ಮೂರೂ ಬಿಟ್ಟುಬಿಡಿ. ಹುಕ್ಕುಗಳ ಡಬ್ಬಿ ಮೇಲೆ ಬರೆದ ತೂಕ ಗಟ್ಟಿ ಮೇಲ್ಮೈಗೆ, ಪುಡಿಗೆ ಅದು ಅನ್ವಯಿಸುವುದಿಲ್ಲ. ಪ್ರೈಮರ್ ಹೊಡೆದು ಅಂಟಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಪೇಂಟ್ ಮಾಡಿದ ಹಾಗೆಯೇ.

ಗೋಡೆಗೆ ಒರಗಿಸುವ ಬಟ್ಟೆಯ ಫ್ರೇಮ್ ಮಾಡಿ. 4×2 ಸೆಂ.ಮೀ. ಮರದ ರೀಪರಿನಲ್ಲಿ 90×150 ಸೆಂ.ಮೀ. ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿ ಇಲ್ಲದಿದ್ದರೆ ಬಟ್ಟೆಯ ಬಿಗಿತಕ್ಕೆ ಉದ್ದದ ರೀಪರುಗಳು ಒಳಕ್ಕೆ ಬಾಗುತ್ತವೆ. ಬಟ್ಟೆ 110×170 ಸಾಕು. ಸ್ಟೇಪಲ್ ಮೊದಲು ನಾಲ್ಕೂ ಬದಿಗಳ ನಡುವೆ ಒಂದೊಂದು, ಆಮೇಲೆ ಎದುರುಬದುರಾಗಿ ಎಳೆಯುತ್ತ ಮೂಲೆಗಳ ಕಡೆಗೆ, 4-5 ಸೆಂ.ಮೀ.ಗೊಂದು. ಮೂಲೆಯಿಂದ ಶುರುಮಾಡಿದರೆ ಓರೆ ಸುಕ್ಕು ಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಒಂದರ ತೂಕ ಎರಡು ಮೂರು ಕಿಲೋ. ಇಂಥ ಎರಡನ್ನು ಸೋಫಾ ಹಿಂದೆ ಒಂದು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟರೆ ಗೋಡೆಯ ಅರ್ಧ ಅಗಲ ತುಂಬುತ್ತದೆ. ಬುಡ ಗೋಡೆಯಿಂದ 10 ಸೆಂ.ಮೀ. ಮುಂದಿರಲಿ, ಅಡಿಗೆ ಜಾರದ ಸಿಲಿಕಾನ್ ಬಿಲ್ಲೆ, ಗೋಡೆಗೆ ತಾಗುವ ಹಿಂಬದಿಯ ಮೂಲೆಗಳಿಗೆ ಫೆಲ್ಟ್ (ಮೆತ್ತನೆಯ ದಪ್ಪ ಬಟ್ಟೆ). ಮಕ್ಕಳಿರುವ ಮನೆಯಾದರೆ ಫ್ರೇಮನ್ನು ಬೆಂಚಿಗೇ ಪಟ್ಟಿ ಕಟ್ಟಿ ಬಿಗಿಯಿರಿ.

ಹತ್ತು ಕಡೆ ಹತ್ತು ಚಿಕ್ಕ ಬಣ್ಣ ಇಡುವುದಕ್ಕಿಂತ ಹೀಗೆ ಒಂದು ಕಡೆ ದೊಡ್ಡದಾಗಿ ಇಡುವುದೇ ಕೋಣೆಯನ್ನು ಬದಲಿಸುತ್ತದೆ. ಕುಶನ್ ಕವರುಗಳ ಬಣ್ಣ ಆ ಬಟ್ಟೆಯಿಂದಲೇ ಆಯ್ದುಕೊಳ್ಳಿ.

ಬೆಳಕಿಂಡಿ:

ಡಿಸ್ಟೆಂಪರ್ ಗೋಡೆಗೆ ಒಂದು ದೊಡ್ಡ ಗುಣವಿದೆ: ಹೊಳಪಿಲ್ಲ. ಬಣ್ಣದ ಬೆಳಕು ಬಿಟ್ಟರೆ ಬಲ್ಬಿನ ಪ್ರತಿಬಿಂಬ ಕಾಣದೆ ಸಮನಾಗಿ ಹರಡುತ್ತದೆ. ಸುಣ್ಣಬಣ್ಣ ಅವರು ಹೇಳಿದ ಬೆಂಚಿನ ಹಿಂಬದಿಗೇ ಎಲ್‌ಇಡಿ ಸ್ಟ್ರಿಪ್ ಅಂಟಿಸಿ, ಗೋಡೆಗೆ ಬೇಡ. ಬೆಂಚು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿರಲಿ. ತೀರ ಹತ್ತಿರವಿದ್ದರೆ ಒಂದೊಂದು ಎಲ್‌ಇಡಿಯೂ ಚುಕ್ಕೆಯಾಗಿ ಕಾಣುತ್ತದೆ. ಯುಎಸ್‌ಬಿಯಿಂದ ನಡೆಯುವ 5 ವೋಲ್ಟಿನ ಸ್ಟ್ರಿಪ್ ಎರಡು ಮೀಟರ್ ದಾಟಿದರೆ ಕೊನೆಯ ಭಾಗ ಮಂಕಾಗಿ ಬಣ್ಣವೂ ಬದಲಾಗುತ್ತದೆ, ಏಕೆಂದರೆ ತೆಳು ತಾಮ್ರದಲ್ಲಿ ವೋಲ್ಟೇಜ್ ಇಳಿಯುತ್ತದೆ. ನಿಮ್ಮ ಗೋಡೆಯ ಉದ್ದಕ್ಕೆ 12 ಅಥವಾ 24 ವೋಲ್ಟಿನದು ತೆಗೆದುಕೊಳ್ಳಿ. ಕತ್ತರಿಸುವುದು ಗುರುತಿನ ಗೆರೆಯ ಮೇಲೆ ಮಾತ್ರ.

ಬಟ್ಟೆ ಆರಿಸುವ ಮೊದಲು ಮನೆಯ ಬಲ್ಬ್ ನೋಡಿ. 2700 ಕೆಲ್ವಿನ್ (ಹಳದಿ ಬೆಳಕಿನ) ಬಲ್ಬಿನಡಿ ಕೆಂಪು, ಸಾಸಿವೆ ಹಳದಿ ಮೈದುಂಬಿ ಕಾಣುತ್ತವೆ, ನೀಲಿ ಸಪ್ಪೆಯಾಗುತ್ತದೆ. 6500ರ ತಂಪು ಬಿಳಿ ಬೆಳಕಿನಲ್ಲಿ ಅದಕ್ಕೆ ತದ್ವಿರುದ್ಧ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಹೆಚ್ಚು ಅಂತ ಇರುವುದನ್ನೇ ತನ್ನಿ, ಇಲ್ಲದಿದ್ದರೆ ಕೆಂಪು ಕಂದಿದಂತೆ ಕಾಣುತ್ತದೆ.

ಕಿಟಕಿ ಗಾಜಿಗೆ ಅಂಟಿಲ್ಲದ ಸ್ಟ್ಯಾಟಿಕ್ ಫಿಲ್ಮ್ ಸಿಗುತ್ತದೆ. ಅರ್ಧ ಲೀಟರ್ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಗಾಜಿಗೆ ಧಾರಾಳ ಸಿಂಪಡಿಸಿ, ಫಿಲ್ಮ್ ಕೂರಿಸಿ, ರಬ್ಬರ್ ವೈಪರಿನಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ. ಎಲ್ಲ ಬದಿಗೂ ಗಾಜಿಗಿಂತ 2 ಮಿ.ಮೀ. ಚಿಕ್ಕದಾಗಿರಲಿ, ಚೌಕಟ್ಟಿಗೆ ತಾಗಿದ ಅಂಚು ಮೇಲೇಳುತ್ತದೆ. ತರಿ ಗಾಜಿಗೆ ಇದು ಹಿಡಿಯುವುದಿಲ್ಲ. ಎರಡು ಪದರದ ಗಾಜಿಗೆ ಕಡು ಬಣ್ಣದ ಫಿಲ್ಮ್ ಹಾಕಬೇಡಿ. ಬಿಸಿಲಿಗೆ ಗಾಜಿನ ನಡುಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಉಳಿದು ಸೀಳಬಹುದು.

ದಾರಸೂಜಿ:

ಒಂದು ಸೇರಿಸುತ್ತೇನೆ. ನೆಲಕ್ಕೆ ಬಣ್ಣದ ರಗ್ ಹಾಕುವುದಾದರೆ ಸೋಫಾದ ಮುಂದಿನ ಕಾಲುಗಳು ಅದರ ಮೇಲೆ ಬರುವಷ್ಟು ದೊಡ್ಡದಿರಲಿ. ನೆಲ ವಿನೈಲ್ ಆಗಿದ್ದರೆ ರಬ್ಬರ್ ತಳದ ರಗ್ ಬೇಡ. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲ್ ಒಳಗೇ ಇಳಿದು ಹಳದಿ ಕಲೆ ಮಾಡುತ್ತದೆ, ಅದು ಮೇಲ್ಮೈ ಕೊಳೆಯಲ್ಲ, ಯಾವುದರಿಂದ ತಿಕ್ಕಿದರೂ ಹೋಗುವುದಿಲ್ಲ. ಕೆಳಗೆ ಫೆಲ್ಟ್ ಹಾಸಿ. ವಾರ್ಡ್‌ರೋಬ್ ಬಾಗಿಲಿಗೆ ಸ್ಟಿಕ್ಕರ್ ಹಚ್ಚುವ ಯೋಚನೆ ಬಂದರೆ ಬಾಗಿಲಿನ ಅಂಚು ನೋಡಿ: ಗಟ್ಟಿ ಲ್ಯಾಮಿನೇಟ್ ಆದರೆ ಹಚ್ಚಬಹುದು, ಪಿವಿಸಿ ಹಾಳೆ ಸುತ್ತಿದ್ದಾದರೆ ಬೇಡ. ಕೀಳುವಾಗ ಡ್ರೈಯರಿನ ಬಿಸಿಗೆ ಬಾಗಿಲಿನ ಹಾಳೆಯೇ ಬಿಟ್ಟುಕೊಳ್ಳುತ್ತದೆ.