43 ಸಿಸಿ ಎಂಜಿನ್ ಹಾಕಿದರೂ ಸೈಕಲ್ ಏರು ಹತ್ತುತ್ತಿಲ್ಲ, ಕ್ಲಚ್ ಸುಟ್ಟ ವಾಸನೆ. 80 ಸಿಸಿ ತಗೊಳ್ಳಲಾ?

ಕರಿ ಸೈಕಲ್, ಗವಿಪುರ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಓಡಿಸುತ್ತಿದ್ದ 28 ಇಂಚಿನ ಕರಿ ಸೈಕಲ್‌ಗೆ ಎಂಜಿನ್ ಕೂರಿಸಿದ್ದೇನೆ. ಎಂಜಿನ್ ಹುಲ್ಲು ಕತ್ತರಿಸುವ ಮೆಷಿನ್‌ನದು, ಟೂ-ಸ್ಟ್ರೋಕ್, 43 ಸಿಸಿ. ಊರಿನ ತೋಟಕ್ಕೆ ತಂದಿದ್ದು, ಕೋಲು ಮುರಿದು ಮೂಲೆಯಲ್ಲಿ ಬಿದ್ದಿತ್ತು. ಕ್ಲಚ್ ಡ್ರಮ್‌ಗೆ 10 ಹಲ್ಲಿನ ಸ್ಪ್ರಾಕೆಟ್ ವೆಲ್ಡ್ ಮಾಡಿಸಿ, ಹಿಂದಿನ ಚಕ್ರಕ್ಕೆ 44 ಹಲ್ಲಿನದು ಹಾಕಿದೆ. ಆನ್‌ಲೈನ್‌ನಲ್ಲಿ ಸಿಗುವ ಸೈಕಲ್ ಎಂಜಿನ್ ಕಿಟ್‌ಗಳಲ್ಲಿ ಇದೇ ಅಳತೆ ಇರುತ್ತದೆ. ಅದನ್ನೇ ನೋಡಿ ಮಾಡಿದೆ.

ತೊಂದರೆ ಏನೆಂದರೆ, ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಜೋರಾಗಿ ಕೂಗುತ್ತದೆ, ಸೈಕಲ್ ಮಾತ್ರ ಎಳೆಯುವುದೇ ಇಲ್ಲ. ಸಮತಟ್ಟು ರಸ್ತೆಯಲ್ಲಿ ಪೆಡಲ್ ತುಳಿಯುತ್ತಾ ಇದ್ದರೆ ಏನೋ ಸ್ವಲ್ಪ ತಳ್ಳಿದ ಹಾಗೆ ಅನಿಸುತ್ತದೆ. ಮನೆಯಿಂದ ಹೊರಟ ಕೂಡಲೇ ಏರು. ಅಲ್ಲಿ ಅರ್ಧ ನಿಮಿಷದಲ್ಲಿ ಬ್ರೇಕ್ ಲೈನರ್ ಸುಟ್ಟ ಹಾಗೆ ವಾಸನೆ ಬಂತು. ಬಿಚ್ಚಿ ನೋಡಿದರೆ ಡ್ರಮ್ಮಿನ ಒಳಗೆಲ್ಲ ನೀಲಿ ಬಣ್ಣ.

ಎಂಜಿನ್ ಶಕ್ತಿ ಸಾಲದು ಅಂತ ಕಾಣುತ್ತದೆ. 80 ಸಿಸಿ ಕಿಟ್ ತರಿಸಲಾ, ಇಲ್ಲ ಫೋರ್-ಸ್ಟ್ರೋಕ್ ನೋಡಲಾ? ನನ್ನ ತೂಕ 70 ಕೆಜಿ. ಓಡಾಟ ಬಸವನಗುಡಿ, ಹನುಮಂತನಗರ, ಹೆಚ್ಚೆಂದರೆ ಜಯನಗರದ ತನಕ.

ಕೆಂಗೇರಿ ಸವಾರ

80 ಸಿಸಿ ಹಾಕಿ, ಕಣ್ಣು ಮುಚ್ಚಿಕೊಂಡು ಹತ್ತುತ್ತದೆ. ಇಲ್ಲದಿದ್ದರೆ ಗುಜರಿಯಲ್ಲಿ ಹಳೇ ಟಿವಿಎಸ್ ಎಕ್ಸ್‌ಎಲ್ ಎಂಜಿನ್ ಸಿಗುತ್ತದೆ. ಅದರಲ್ಲೂ ವೇಗ ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ಚೇ ಇರೋದು, ಗೇರ್ ತಲೆನೋವಿಲ್ಲ.

ಪೀಣ್ಯ ಫಿಟ್ಟರ್

ದಯವಿಟ್ಟು ಈಗಲೇ ಏನೂ ಕೊಳ್ಳಬೇಡಿ. ನಿಮ್ಮ ಎಂಜಿನ್ ಚೆನ್ನಾಗಿಯೇ ಇದೆ, ಶಕ್ತಿಯೂ ಸಾಕಾಗಿ ಮಿಗುವಷ್ಟಿದೆ. ಆ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ, ಅಷ್ಟೇ.

ನೀವು ನೋಡಿದ ಕಿಟ್‌ನಲ್ಲಿ ಕಣ್ಣಿಗೆ ಕಾಣುವುದು 10-44 ಮಾತ್ರ, ಅಂದರೆ 4.4 ಪಟ್ಟು. ಆದರೆ ಆ ಎಂಜಿನ್ನಿನ ಹೊಟ್ಟೆಯೊಳಗೆ ಇನ್ನೊಂದು ಜೊತೆ ಗೇರ್ ಇದೆ, 20 ಹಲ್ಲು ಮತ್ತು 82 ಹಲ್ಲು. ಅದು 4.1 ಪಟ್ಟು. ಎರಡನ್ನೂ ಗುಣಿಸಿದರೆ 18. ಎಂಜಿನ್ 18 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ನಿಮ್ಮ ಹುಲ್ಲು ಕತ್ತರಿಸುವ ಎಂಜಿನ್‌ನಲ್ಲಿ ಆ ಒಳಗಿನ ಗೇರ್ ಇಲ್ಲ. ಕ್ರ್ಯಾಂಕ್ ತಿರುಗಿದ ವೇಗದಲ್ಲೇ ಕ್ಲಚ್ ತಿರುಗುತ್ತದೆ. ಕಿಟ್ ನೋಡಿ ಮಾಡಿದವರಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ. ನನ್ನ ಅಂಗಡಿಗೇ ಹೀಗೆ ಮಾಡಿಕೊಂಡು ಬಂದವರಿದ್ದಾರೆ.

ಈಗ ಲೆಕ್ಕ ಹಾಕಿ. ಇಂಥ ಕ್ಲಚ್‌ನ ಶೂಗಳು ಅರಳಿ ಡ್ರಮ್ಮನ್ನು ಗಟ್ಟಿಯಾಗಿ ಹಿಡಿಯುವುದು ಸುಮಾರು 4000 ಆರ್‌ಪಿಎಂ ಹತ್ತಿರ. 4.4ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 909 ಸುತ್ತು. ನಿಮ್ಮ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ. ಗಂಟೆಗೆ 120 ಕಿಲೋಮೀಟರ್! ಅಂದರೆ ನಿಮ್ಮ ಸೈಕಲ್ 120ಕ್ಕೆ ಬರುವ ತನಕ ಶೂಗಳು ಡ್ರಮ್ಮಿನೊಳಗೆ ಜಾರುತ್ತಲೇ ಇರುತ್ತವೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗುವುದು ಸುಮಾರು 300 ಡಿಗ್ರಿಯಲ್ಲಿ. ನೀವು ಕಂಡ ನೀಲಿ ಅದೇ. ಎಂಜಿನ್ ಮಾಡಿದ ಕೆಲಸವೆಲ್ಲ ಅಲ್ಲಿ ಬಿಸಿಯಾಗಿ ಹೋಗಿದೆ. ಶೂಗಳ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಎಮೆರಿ ಪೇಪರ್‌ನಲ್ಲಿ ಉಜ್ಜಿ, ಸ್ಪ್ರಿಂಗ್ ಬಿಸಿಗೆ ಸಡಿಲ ಆಗಿದ್ದರೆ ಬದಲಿಸಿ.

ಎಷ್ಟು ಶಕ್ತಿ ಬೇಕು ಅಂತಲೂ ನೋಡೋಣ, ಯಾಕೆಂದರೆ ಎಂಜಿನ್ ಆರಿಸುವುದು ಇದರ ಮೇಲೆಯೇ. ನೀವು, ಸೈಕಲ್, ಎಂಜಿನ್ ಸೇರಿ 100 ಕೆಜಿ ಅಂದುಕೊಳ್ಳಿ. ನೂರು ಮೀಟರ್‌ಗೆ ಆರು ಮೀಟರ್ ಏರುವ ರಸ್ತೆ. 20 ಕಿಮೀ ವೇಗದಲ್ಲಿ ಹತ್ತಲು ಚಕ್ರದ ಹತ್ತಿರ ಸುಮಾರು 450 ವ್ಯಾಟ್ ಸಾಕು. ಹೋಂಡಾ ಜಿಎಕ್ಸ್25 ಅನ್ನುವ ಪುಟ್ಟ ಫೋರ್-ಸ್ಟ್ರೋಕ್ ಕೊಡುವುದು 7000 ಆರ್‌ಪಿಎಂನಲ್ಲಿ 720 ವ್ಯಾಟ್. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು. ಅದಕ್ಕೆ ಹತ್ತು ಪರ್ಸೆಂಟ್ ಕಳೆಯಿರಿ. ಚೈನು, ಬೇರಿಂಗು ಅಂತ ಇನ್ನೊಂದಿಷ್ಟು ಹೋಗಲಿ. ಆಗಲೂ 550 ವ್ಯಾಟ್ ಉಳಿಯುತ್ತದೆ. ಅಂದರೆ 25 ಸಿಸಿಯೇ ಹತ್ತಬಲ್ಲದು. ಆದರೆ ಅದಕ್ಕೆ ಒಟ್ಟು ಇಳಿಕೆ 35 ಪಟ್ಟು ಸಿಗಬೇಕು. ಆಗ 7000ಕ್ಕೆ 26 ಕಿಮೀ ವೇಗ, ಕ್ಲಚ್ ಹಿಡಿಯುವುದು 15 ಕಿಮೀನಲ್ಲಿ. ಅಲ್ಲಿಯ ತನಕ ಪೆಡಲ್ ಇದ್ದೇ ಇದೆ.

80 ಸಿಸಿ ಕಿಟ್ ಬಗ್ಗೆ: ಬೋರ್ (ಸಿಲಿಂಡರ್ ಒಳಗಿನ ಅಗಲ) 47 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 38 ಮಿಮೀ. ಗುಣಿಸಿ ನೋಡಿದರೆ 66 ಸಿಸಿಯೇ ಆಗುವುದು. ಏರು ಹತ್ತುತ್ತದೆ, ನಿಜ. ಕೈ ಕ್ಲಚ್ ಇರುವುದರಿಂದ ನಿಮ್ಮ ಈಗಿನ ತೊಂದರೆಯೂ ಇರುವುದಿಲ್ಲ. ಆದರೂ ಕರಿ ಸೈಕಲ್‌ಗೆ ನಾನು ಅದನ್ನು ಹಾಕುವುದಿಲ್ಲ. ಆ ಸೈಕಲ್‌ನ ರಾಡ್ ಬ್ರೇಕ್ ಮಳೆಯಲ್ಲಿ ರಿಮ್ಮನ್ನು ಬರೀ ಸವರುತ್ತದೆ. ಮೇಲಾಗಿ ಕಿಟ್‌ನ ದೊಡ್ಡ ಸ್ಪ್ರಾಕೆಟ್ಟನ್ನು ರಬ್ಬರ್ ಬಿಲ್ಲೆ ಇಟ್ಟು ಕಡ್ಡಿಗಳಿಗೇ ಬೋಲ್ಟ್ ಮಾಡುತ್ತಾರೆ. ನಮ್ಮ ಗುಂಡಿಗಳಲ್ಲಿ ಕಡ್ಡಿ ಮುರಿಯುವುದು ಅಲ್ಲಿಂದಲೇ ಶುರು.

ಎಕ್ಸ್‌ಎಲ್ ಎಂಜಿನ್ ಗಟ್ಟಿ ಸಾಮಾನು, ಹೊಸೂರಿನಲ್ಲಿ ಹುಟ್ಟಿದ್ದು. ಆದರೆ ಅದರ ಭಾರ, ಅದರ ಎಳೆತ ಸೈಕಲ್ ಫ್ರೇಮಿಗಲ್ಲ. ಅದೇ ಬೇಕು ಅಂದರೆ ಕಾಗದಪತ್ರ ಸರಿ ಇರುವ ಹಳೇ ಎಕ್ಸ್‌ಎಲ್ ಗಾಡಿಯನ್ನೇ ಕೊಳ್ಳಿ, ನೆಮ್ಮದಿ.

ಜೆಪಿ ನಗರ 24ನೇ ಮೇನ್

ಒಂದು ಮಾತು ಸೇರಿಸುತ್ತೇನೆ, ಇದು ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನ ಅಲ್ಲ. ಮೀರಿದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಮಾಡಿಸುವುದು ಆಗುವ ಮಾತಲ್ಲ. ಹಾಗಾಗಿ 43 ಸಿಸಿ ಆಗಲಿ, 66 ಆಗಲಿ, ಬಸವನಗುಡಿ ರಸ್ತೆಗೆ ತರಲೇಬೇಡಿ. ಯಾರಿಗಾದರೂ ತಗುಲಿದರೆ ವಿಮೆ ಇಲ್ಲದೆ ಇಡೀ ಮನೆ ಕಷ್ಟಕ್ಕೆ ಬೀಳುತ್ತದೆ.

ಕರಿ ಸೈಕಲ್, ಗವಿಪುರ

ತುಂಬಾ ಥ್ಯಾಂಕ್ಸ್. ಹೊಟ್ಟೆಯೊಳಗಿನ ಗೇರ್ ವಿಷಯ ಗೊತ್ತೇ ಇರಲಿಲ್ಲ. 25 ಸಿಸಿಗೇ ಇಳಿಯುತ್ತೇನೆ. ಮೊದಲು 43ರಲ್ಲೇ ಊರಿನ ತೋಟದ ದಾರಿಯಲ್ಲಿ ಪ್ರಯೋಗ ಮಾಡಿ ನೋಡೋಣ ಅಂತಿದ್ದೇನೆ. ಆದರೆ 35 ಪಟ್ಟು ಇಳಿಸುವುದು ಹೇಗೆ? ಹಿಂದಿನ ಸ್ಪ್ರಾಕೆಟ್ ಅಷ್ಟು ದೊಡ್ಡದು ಹಾಕಲು ಆಗಲ್ಲ ಅಲ್ವಾ?

ಪೀಣ್ಯ ಫಿಟ್ಟರ್

ಆಗಲ್ಲ. 10 ಹಲ್ಲಿಗೆ 350 ಹಲ್ಲು ಬೇಕಾಗುತ್ತದೆ. ಎರಡು ದಾರಿ ಇದೆ.

ಒಂದು, ಎಂಜಿನ್‌ಗೂ ಚಕ್ರಕ್ಕೂ ನಡುವೆ ಜಾಕ್‌ಶಾಫ್ಟ್ ಅನ್ನುವ ಹೆಚ್ಚುವರಿ ಶಾಫ್ಟ್ ಹಾಕಿ ಹಂತ ಹಂತವಾಗಿ ಇಳಿಸುವುದು. ಹಲ್ಲಿನ ಬೆಲ್ಟ್‌ನಲ್ಲಿ 18ಕ್ಕೆ 72 ಹಲ್ಲು, ಅದು ನಾಲ್ಕು ಪಟ್ಟು. ಆಮೇಲೆ ಚೈನ್‌ನಲ್ಲಿ ಎರಡು ಪಟ್ಟು. ಕೊನೆಗೆ ನಿಮ್ಮ 4.4. ಒಟ್ಟು 35.2. ಮೊದಲ ಹಂತಕ್ಕೆ ಚೈನ್ ಬೇಡ, 7000 ಆರ್‌ಪಿಎಂನಲ್ಲಿ ಅಷ್ಟು ಚಿಕ್ಕ ಸ್ಪ್ರಾಕೆಟ್ ಮೇಲೆ ಚೈನ್ ಬಾಳುವುದಿಲ್ಲ. ಎರಡು ಶಾಫ್ಟ್, ನಾಲ್ಕು ಬೇರಿಂಗ್, ಒಳ್ಳೆಯ ಪ್ಲೇಟ್ ಕೆಲಸ. ಬೆಲ್ಟ್ ಪುಲ್ಲಿ ಎಸ್.ಪಿ. ರೋಡ್ ಕಡೆ ಹುಡುಕಿ. ಇದು ಬಾಳಿಕೆ ಬರುತ್ತದೆ, ಆದರೆ ಶಾಫ್ಟ್‌ಗಳು ಒಂದಕ್ಕೊಂದು ನೇರ ಇಲ್ಲದಿದ್ದರೆ ಬೆಲ್ಟ್ ಅಂಚು ತಿಂದುಕೊಳ್ಳುತ್ತದೆ.

ಎರಡನೆಯದು ರೋಲರ್. ಡ್ರಮ್ಮಿನ ಶಾಫ್ಟ್‌ಗೇ ಒಂದು ಸಣ್ಣ ರೋಲರ್, ಅದು ನೇರ ಟೈರ್ ಮೇಲೆ ಒತ್ತಿ ಕೂರುತ್ತದೆ. ಟೈರ್ 700 ಮಿಮೀ ವ್ಯಾಸ, ರೋಲರ್ 20 ಮಿಮೀ. ಒಂದೇ ಹೆಜ್ಜೆಯಲ್ಲಿ 35 ಪಟ್ಟು! ನಿಮ್ಮ 43ಕ್ಕೆ 25 ಮಿಮೀ ಮಾಡಿಸಿ, 28 ಪಟ್ಟು ಬರುತ್ತದೆ, ಸಾಕು. ಲೇತ್‌ನಲ್ಲಿ ಮೇಲ್ಮೈಗೆ ನರ್ಲಿಂಗ್, ಅಂದರೆ ಹಿಡಿತಕ್ಕೆ ಸಣ್ಣ ಗೀರುಗಳನ್ನು ಹಾಕಿಸಿ, ತುಂಬಾ ಚೂಪು ಬೇಡ, ಟೈರ್ ತಿಂದುಬಿಡುತ್ತದೆ. ರೋಲರ್‌ಗೆ ಎರಡೂ ಕಡೆ ಬೇರಿಂಗ್ ಇರಲೇಬೇಕು. ಒಂದೇ ಕಡೆ ಹಿಡಿದರೆ ಒತ್ತಡವೆಲ್ಲ ಕ್ಲಚ್ ಬೇರಿಂಗ್ ಮೇಲೆ ಬಿದ್ದು ಅದು ಹೋಗುತ್ತದೆ. ಮಳೆಯಲ್ಲಿ ರೋಲರ್ ಜಾರುತ್ತದೆ, ಅದು ಇದರ ದೊಡ್ಡ ಕೊರತೆ.

ಮೊದಲು ರೋಲರ್‌ನಲ್ಲೇ ಶುರು ಮಾಡಿ. ಖರ್ಚು ಕಡಿಮೆ, ಲೆಕ್ಕ ಸರಿಯಾ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

25 ಸಿಸಿ ಕೊಳ್ಳುವಾಗ ಸ್ಟಿಕರ್ ನಂಬಬೇಡಿ, ಅಂಗಡಿಯಲ್ಲೇ ಬೋರ್, ಸ್ಟ್ರೋಕ್ ಕೇಳಿ. ಸೆಂಟಿಮೀಟರ್‌ನಲ್ಲಿ ಬೋರ್ ಇಂಟು ಬೋರ್ ಇಂಟು ಸ್ಟ್ರೋಕ್ ಇಂಟು 0.785. ಬೋರ್ 34 ಮಿಮೀ, ಸ್ಟ್ರೋಕ್ 28 ಮಿಮೀ ಇದ್ದರೆ 25.4 ಸಿಸಿ, ಮೀರಿತು. ಜಿಎಕ್ಸ್25 ಕಂಪನಿ ಕಾಗದದಲ್ಲಿ 25.0 ಅಂತಲೇ ಇದೆ. ಆ ಕಾಗದ ಜೋಪಾನವಾಗಿಟ್ಟು, ಒಂದು ಪ್ರತಿ ಸೈಕಲ್‌ನಲ್ಲೇ ಇರಲಿ. ಇದು ಫೋರ್-ಸ್ಟ್ರೋಕ್ ಆದ್ದರಿಂದ ಆಯಿಲ್ ಬೆರೆಸುವ ಕೆಲಸವೂ ಇಲ್ಲ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿಡಿ. ನಿಮ್ಮ 43ರ ಪ್ರೈಮರ್ ಬಲ್ಬ್ (ಸ್ಟಾರ್ಟ್ ಮಾಡುವ ಮೊದಲು ಒತ್ತಿ ಪೆಟ್ರೋಲ್ ಎಳೆಯುವ ಮೆತ್ತನೆ ಗುಂಡಿ) ಕೂಡ ಒಮ್ಮೆ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ.

ಕರಿ ಸೈಕಲ್, ಗವಿಪುರ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಕಾಮಾಕ್ಷಿಪಾಳ್ಯದಲ್ಲಿ ಒಂದು ಲೇತ್‌ನಲ್ಲಿ 25 ಮಿಮೀ ರೋಲರ್ ಮಾಡಿಸಿದೆ, ಎರಡೂ ಕಡೆ ಬೇರಿಂಗ್. ಊರಿಗೆ ಒಯ್ದು ತೋಟದ ದಾರಿಯಲ್ಲಿ ಓಡಿಸಿದೆ. ಪೆಡಲ್ ತುಳಿದು ಸ್ವಲ್ಪ ವೇಗ ಬಂದ ಮೇಲೆ ಆಕ್ಸಿಲರೇಟರ್ ಕೊಟ್ಟರೆ ಹಿಂದಿನಿಂದ ಯಾರೋ ಕೈ ಇಟ್ಟು ತಳ್ಳಿದ ಹಾಗೆ ಹೋಗುತ್ತದೆ! ಕೆರೆ ಏರಿಯ ದಾರಿಯನ್ನು ಪೆಡಲ್ ತುಳಿಯದೆ ಹತ್ತಿತು. ಇಳಿದು ಡ್ರಮ್ ಹತ್ತಿರ ಕೈ ಒಯ್ದರೆ ಬೆಚ್ಚಗಿದೆ ಅಷ್ಟೇ, ವಾಸನೆ ಇಲ್ಲ. ಅಪ್ಪ ಒಂದು ಸುತ್ತು ಹೋಗಿ ಬಂದರು.

ಒಂದೇ ತೊಂದರೆ. ಟೈರ್‌ನಲ್ಲಿ ಒಂದು ಕಡೆ ರಬ್ಬರ್ ಪುಡಿ ಉದುರುತ್ತಿದೆ, ರೋಲರ್ ತಾಗುವಲ್ಲಿ ಸುತ್ತಿಗೊಮ್ಮೆ ಟಕ್ ಟಕ್ ಅನ್ನುತ್ತದೆ.

ಪೀಣ್ಯ ಫಿಟ್ಟರ್

ಓದಿ ತುಂಬಾ ಸಂತೋಷವಾಯಿತು. ಆ ಟಕ್ ಟಕ್ ರಿಮ್ಮಿನದು, ಬಾಗಿದೆ. ಸೈಕಲ್ ತಲೆಕೆಳಗೆ ಮಾಡಿ, ಸ್ಟೇಗೆ (ಹಿಂದಿನ ಚಕ್ರ ಹಿಡಿದಿರುವ ಫ್ರೇಮಿನ ಕೊಳವೆಗೆ) ಒಂದು ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿ. ಸುಣ್ಣ ತಾಗಿದ ಕಡೆ ಉಬ್ಬಿದೆ ಅಂತ ಅರ್ಥ. ಅಲ್ಲಿನ ಕಡ್ಡಿಗಳನ್ನು ಕಾಲು ಸುತ್ತಿನಷ್ಟು ಬಿಗಿ ಮಾಡುತ್ತಾ ಬನ್ನಿ, ಒಂದೇ ಸಲಕ್ಕೆ ಜಾಸ್ತಿ ಬೇಡ. ಗಾಳಿ ಪೂರ್ತಿ ತುಂಬಿಸಿ. ರೋಲರ್ ಬ್ರಾಕೆಟ್ಟನ್ನು ಬೋಲ್ಟ್‌ನಿಂದ ಬಿಗಿದಿದ್ದರೆ ತೆಗೆದು ಸ್ಪ್ರಿಂಗ್ ಹಾಕಿ. ಆಗ ಟೈರ್ ಏರಿಳಿದ ಹಾಗೆ ರೋಲರ್ ಕೂಡ ಏರಿಳಿಯುತ್ತದೆ, ಪುಡಿ ಉದುರುವುದು ನಿಲ್ಲುತ್ತದೆ. ಜಿಎಕ್ಸ್25 ಬಂದಾಗ 20 ಅಥವಾ 22 ಮಿಮೀ ರೋಲರ್ ಮಾಡಿಸಿ. ರಾಡ್ ಬ್ರೇಕ್‌ನ ರಬ್ಬರ್ ಮಾತ್ರ ಈ ವಾರವೇ ಬದಲಿಸಿ, ಎಂಜಿನ್ ಬರುವ ತನಕ ಕಾಯಬೇಡಿ.