ಅಸಟೀಗ್ ದ್ವೀಪದಲ್ಲಿ ಮನೆಮಂದಿಯೆಲ್ಲ ಕ್ಯಾಂಪಿಂಗ್: ಹೋಗಿಬಂದವರು ಹೇಳಿ

ಕೇಳಿದವರು, ನ್ಯೂಜೆರ್ಸಿಯಿಂದ:

ಎಲ್ಲರಿಗೂ ನಮಸ್ಕಾರ. ಮೇರಿಲ್ಯಾಂಡ್‌ನ ಅಸಟೀಗ್ ದ್ವೀಪದಲ್ಲಿ ಕಾಡುಕುದುರೆಗಳು ಕಡಲತೀರದಲ್ಲೇ ಓಡಾಡುತ್ತವಲ್ಲ, ಅಲ್ಲಿ ಟೆಂಟ್ ಹಾಕಿಕೊಂಡು ಇರಬೇಕು ಅಂತ ಮಗಳು ಹಟ ಹಿಡಿದಿದ್ದಾಳೆ. ಅವಳಿಗೆ ಹತ್ತು ವರ್ಷ, ಮಗನಿಗೆ ಐದು. ಊರಿಂದ ಅತ್ತೆ ಮಾವ ಬಂದಿದ್ದಾರೆ, ಅಕ್ಟೋಬರ್‌ವರೆಗೂ ಇರುತ್ತಾರೆ. ಜುಲೈನಲ್ಲಿ ಹೋಗೋಣ ಅಂದುಕೊಂಡಿದ್ದೇವೆ. ಕುದುರೆಗಳಿಂದ ಮಕ್ಕಳಿಗೆ ಅಪಾಯ ಇದೆಯಾ? ಊಟ, ಟಾಯ್ಲೆಟ್ ಎಲ್ಲ ಹೇಗೆ? ಹಿರಿಯರಿಗೆ ಆಗುತ್ತಾ?

ಮೇರಿಲ್ಯಾಂಡ್‌ನಿಂದ:

ಖಂಡಿತ ಹೋಗಿ ಅಕ್ಕ. ಆದರೆ ಜುಲೈ ಬೇಡ. ನಾವು ಬೇಸಿಗೆಯಲ್ಲೂ ಹೋಗಿದ್ದೇವೆ, ಸೆಪ್ಟೆಂಬರ್ ಕೊನೆಯಲ್ಲೂ ಹೋಗಿದ್ದೇವೆ. ಎರಡಕ್ಕೂ ಅಜಗಜಾಂತರ. ಬೇಸಿಗೆಯಲ್ಲಿ ಹಗಲು ಕಚ್ಚುವ ನೊಣ, ಸಂಜೆ ಸೊಳ್ಳೆ. ಗಾಳಿ ಸಮುದ್ರದ ಕಡೆಯಿಂದ ಬೀಸಿದರೆ ಪರವಾಗಿಲ್ಲ. ನೆಲದ ಕಡೆಯಿಂದ ತಿರುಗಿತೋ, ಜೌಗಿನಲ್ಲಿರುವ ನೊಣವೆಲ್ಲ ತೀರಕ್ಕೇ ಬರುತ್ತೆ. ಕುದುರೆಗಳೂ ಆ ಕಾಟ ತಾಳಲಾರದೆ ಮಧ್ಯಾಹ್ನ ನೀರಿನ ಅಂಚಿಗೆ ಬಂದು ನಿಲ್ಲುತ್ತವೆ. ಐದು ವರ್ಷದ ಮಗು ಅದನ್ನೆಲ್ಲ ಹೇಗೆ ತಡೆದುಕೊಳ್ಳುತ್ತೆ? ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್ ಮೊದಲಿಗೆ ಹೋದರೆ ನೀರು ಇನ್ನೂ ತೀರಾ ತಣ್ಣಗಾಗಿರುವುದಿಲ್ಲ, ಜನವೂ ಕಡಿಮೆ. ಆಗ ಲೈಫ್‌ಗಾರ್ಡ್ ಇರಲ್ಲ, ಅಲೆ ಒಳಗೆ ಎಳೆಯುತ್ತೆ. ಮಕ್ಕಳನ್ನು ನೀರಿಗೆ ಬಿಟ್ಟಾಗ ದೊಡ್ಡವರೊಬ್ಬರು ಜೊತೆಗೇ ಇಳಿಯಲಿ.

ಕುದುರೆ ವಿಷಯ. ಅವು ನೋಡೋಕೆ ಗಿಡ್ಡ, ಗುಂಡಗೆ, ಬಹಳ ಸಾಧು ಅನ್ನಿಸುತ್ತೆ. ಹೊಟ್ಟೆ ಊದಿಕೊಂಡಿರುವುದು ನೋಡಿ ಎಲ್ಲವೂ ಗಬ್ಬ ಅಂದುಕೊಳ್ಳಬೇಡಿ. ಜೌಗಿನ ಉಪ್ಪು ಹುಲ್ಲು ತಿಂದು ತಿಂದು ವಿಪರೀತ ನೀರು ಕುಡಿಯುತ್ತವೆ, ಅದಕ್ಕೇ ಹಾಗೆ. ಸಾಧು ಅಂತೂ ಅಲ್ಲ. ಕಚ್ಚುತ್ತವೆ, ಒದೆಯುತ್ತವೆ. ಕನಿಷ್ಠ 40 ಅಡಿ ದೂರ ಇರಬೇಕು ಅಂತ ಅಲ್ಲಿನ ನಿಯಮ, ಅಂದರೆ ಒಂದು ಬಸ್ಸಿನ ಉದ್ದ. ಮಕ್ಕಳಿಗೆ ಅಡಿ ಲೆಕ್ಕ ಹೇಳುವ ಬದಲು ಬಸ್ಸಿನ ಲೆಕ್ಕ ಹೇಳಿ, ಚೆನ್ನಾಗಿ ನೆನಪಿರುತ್ತೆ. ಕುದುರೆಯೇ ನಿಮ್ಮ ಕಡೆ ಬಂದರೆ ನೀವೇ ಹಿಂದೆ ಸರಿಯಬೇಕು. ಅದು ಅದರ ಜಾಗ.

ಒಂದು ಬೆಳಿಗ್ಗೆ ನಮ್ಮ ಪಕ್ಕದ ಟೆಂಟಿನವರು ಊಟ ತಣ್ಣಗಿಡುವ ಕೂಲರ್ ಪೆಟ್ಟಿಗೆಯನ್ನು ಹೊರಗೇ ಬಿಟ್ಟು ಸಮುದ್ರಕ್ಕೆ ಹೋಗಿದ್ದರು. ಕಂದು-ಬಿಳಿ ಹೆಣ್ಣು ಕುದುರೆಯೊಂದು ಮರಿ ಕಟ್ಟಿಕೊಂಡು ಬಂತು. ಮೊದಲು ಮೂಗಿನಿಂದ ಮುಚ್ಚಳ ತಳ್ಳಿ ನೋಡಿತು. ಆಗಲಿಲ್ಲ. ಮುಂಗಾಲಲ್ಲಿ ಕೂಲರನ್ನೇ ಮಗುಚಿ ಹಾಕಿತು. ಬ್ರೆಡ್ಡನ್ನು ಪ್ಲಾಸ್ಟಿಕ್ ಕವರ್ ಸಮೇತ ಅಗಿಯತೊಡಗಿತು. ಮರಿ ಪಕ್ಕದಲ್ಲೇ ನಿಂತು ನೋಡ್ತಾ ಇತ್ತು, ಆಮೇಲೆ ತಾನೂ ಮೂಗು ತೂರಿಸಿತು. ರೇಂಜರ್ ಬಂದು ಓಡಿಸುವಷ್ಟರಲ್ಲಿ ಆ ಮರಿ ಪಾಠ ಕಲಿತೇಬಿಟ್ಟಿತ್ತು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಹೀಗೆ ಜನರ ಊಟದ ರುಚಿ ಹತ್ತಿದ ಕುದುರೆ ಕಾರು, ರಸ್ತೆ ಯಾವುದಕ್ಕೂ ಹೆದರುವುದಿಲ್ಲ. ಕಾರಿಗೆ ಸಿಕ್ಕಿ ಸತ್ತ ಕುದುರೆಗಳಿವೆ. ಚಿಪ್ ಅಂತ ಎಲ್ಲರೂ ಕರೆಯುತ್ತಿದ್ದ ಗಂಡು ಕುದುರೆ ಊಟಕ್ಕಾಗಿ ಜನರ ಮೇಲೇ ಏರಿ ಬರೋಕೆ ಶುರುಮಾಡಿದ ಮೇಲೆ 2022ರಲ್ಲಿ ಅದನ್ನು ಹಿಡಿದು ಟೆಕ್ಸಾಸ್‌ನ ಪ್ರಾಣಿಧಾಮಕ್ಕೆ ಕಳಿಸಿದರು. ಹುಟ್ಟಿದ ದ್ವೀಪ, ತನ್ನ ಹಿಂಡು ಎಲ್ಲ ತಪ್ಪಿತು. ತಪ್ಪು ಕುದುರೆಯದ್ದಾ ಹೇಳಿ?

ಅದಕ್ಕೇ ಹೇಳ್ತೀನಿ, ಊಟದ್ದೆಲ್ಲ ಕಾರಿನೊಳಗೆ. ಕುರುಕಲು ತಿಂಡಿ, ಕಸದ ಚೀಲ, ತೊಳೆಯದ ಪಾತ್ರೆ ಕೂಡ. ಟೆಂಟಿನೊಳಗೆ ಒಂದು ಬಿಸ್ಕೆಟ್ ಪೊಟ್ಟಣವೂ ಬೇಡ, ಬಟ್ಟೆ ಹರಿದುಕೊಂಡು ಒಳಗೆ ಬರುತ್ತವೆ. ಕಾರು ಪಕ್ಕದಲ್ಲೇ ನಿಲ್ಲಿಸುವಂಥ ಜಾಗ ಬುಕ್ ಮಾಡಿ. ಸಾಮಾನು ಹೊತ್ತು ನಡೆಯುವ ಜಾಗಗಳೂ ಇವೆ, ಹಿರಿಯರಿದ್ದಾಗ ಅವು ಬೇಡ. ಕೊಲ್ಲಿಯ ಕಡೆ ಸೂರ್ಯಾಸ್ತ ಚೆಂದ, ಆದರೆ ಸೊಳ್ಳೆ ಜಾಸ್ತಿ. ಸಮುದ್ರದ ಕಡೆಯೇ ತಗೊಳ್ಳಿ. ರಾಷ್ಟ್ರೀಯ ಉದ್ಯಾನದ ಕ್ಯಾಂಪಿಗೆ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತೆ, ವಾರಾಂತ್ಯದ ಜಾಗ ಬೇಗ ಮುಗಿಯುತ್ತೆ. ಈಗಲೇ ನೋಡಿ.

ಟೆಂಟಿನ ಜೊತೆ ಬರುವ ಸಣ್ಣ ಗೂಟ ಮರಳಲ್ಲಿ ನಿಲ್ಲಲ್ಲ. ಮರಳಿಗೆಂದೇ ಉದ್ದನೆಯ ಗೂಟ ಸಿಗುತ್ತೆ, ಅದು ಬೇಕೇ ಬೇಕು. ಮರದ ನೆರಳು ಇಲ್ಲ, ಬಿಸಿಲಿಗೆ ಒಂದು ಚಪ್ಪರ ಒಯ್ಯಿರಿ.

ವರ್ಜೀನಿಯಾದಿಂದ:

ಜುಲೈ ಅಂದಿರಲ್ಲ, ಕುದುರೆಗಳು ಈಜುವುದನ್ನು ನೋಡಬೇಕು ಅಂತಲಾ? ಅದು ದ್ವೀಪದ ವರ್ಜೀನಿಯಾ ಭಾಗದಲ್ಲಿ, ಶಿಂಕಟೀಗ್ ಊರಿನ ಹತ್ತಿರ. ಎರಡೂ ರಾಜ್ಯಗಳ ಗಡಿಗೆ ಬೇಲಿ ಇದೆ, ಹಿಂಡುಗಳು ಬೇರೆ ಬೇರೆ. ವರ್ಜೀನಿಯಾ ಹಿಂಡು ಶಿಂಕಟೀಗ್‌ನ ಸ್ವಯಂಸೇವಕ ಅಗ್ನಿಶಾಮಕ ದಳದ್ದು, ದೊಡ್ಡ ಕುದುರೆಗಳು 150 ಮೀರಬಾರದು. 1925ರಿಂದ ಜುಲೈ ಕೊನೆಯಲ್ಲಿ ಕುದುರೆಗಳನ್ನು ಕಾಲುವೆ ಈಜಿಸಿ, ಮರಿಗಳನ್ನು ಹರಾಜು ಹಾಕಿ ದಳದ ಖರ್ಚಿಗೆ ಹಣ ಎತ್ತುತ್ತಾರೆ. ಆ ವಾರ ಜಾತ್ರೆ. ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ವರ್ಜೀನಿಯಾ ಭಾಗದಲ್ಲಿ ಟೆಂಟ್ ಹಾಕುವ ಹಾಗೂ ಇಲ್ಲ. ದ್ವೀಪದ ಒಳಗಿಂದ ಅಲ್ಲಿಗೆ ರಸ್ತೆ ಇಲ್ಲ, ವಾಪಸ್ ಸೇತುವೆ ದಾಟಿ ಒಂದು ಗಂಟೆಯಷ್ಟು ಸುತ್ತಿ ಬರಬೇಕು.

ಮತ್ತೊಬ್ಬರು, ಪೆನ್ಸಿಲ್ವೇನಿಯಾದಿಂದ:

ಟಾಯ್ಲೆಟ್ ವಿಷಯ ಯಾರೂ ಹೇಳಲಿಲ್ಲ. ರಾಷ್ಟ್ರೀಯ ಉದ್ಯಾನದ ಕ್ಯಾಂಪಿನಲ್ಲಿ ಫ್ಲಶ್ ಇಲ್ಲ, ಸ್ನಾನಕ್ಕೆ ತಣ್ಣೀರು. ನಮ್ಮ ಅಮ್ಮನಿಗೆ ಮಂಡಿನೋವು, ಬಿಸಿನೀರು ಇಲ್ಲದಿದ್ದರೆ ಆಗಲ್ಲ. ಅದಕ್ಕೇ ನಾವು ಅದೇ ದ್ವೀಪದ ಮೇರಿಲ್ಯಾಂಡ್ ರಾಜ್ಯ ಉದ್ಯಾನದಲ್ಲಿ ಉಳಿದೆವು. ಬಿಸಿನೀರು, ಫ್ಲಶ್ ಎರಡೂ ಇದೆ, ಕುದುರೆಗಳು ಅಲ್ಲಿಗೂ ಬರುತ್ತವೆ. ನಿಮಗೂ ಅದೇ ಸರಿ.

ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ ಮನೆಯಿಂದಲೇ ಒಯ್ದೆವು. ಮರುದಿನ ಒಗ್ಗರಣೆ ಅವಲಕ್ಕಿ, ಕಾಫಿ. ಅಡುಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಲೆ ಹಚ್ಚಿದಾಗ ಕುದುರೆ ಬಂತೆಂದರೆ ಆರಿಸಿ, ಪಾತ್ರೆ ಎತ್ತಿ ಕಾರಿಗೆ ಇಟ್ಟು ಬಾಗಿಲು ಹಾಕಬೇಕಲ್ವಾ, ಹತ್ತು ಪಾತ್ರೆ ಹರಡಿಕೊಂಡರೆ ಕಷ್ಟ.

ನಿಮ್ಮ ಮಾವನವರನ್ನು ಮರಳುದಿಬ್ಬದ ಕಾಲುದಾರಿಗೆ ಕರೆದುಕೊಂಡು ಹೋಗಿ. ಒಂದು ಕಾಲದಲ್ಲಿ ದ್ವೀಪವನ್ನು ಸೈಟು ಮಾಡಿ ಮಾರಿದ್ದರು, ರಸ್ತೆಯನ್ನೂ ಹಾಕಿದ್ದರು. ಮಾರ್ಚ್ 1962ರ ಬಿರುಗಾಳಿ ಎಲ್ಲ ಕೊಚ್ಚಿಹಾಕಿತು. 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರ ಮಾಡಿತು. ಆ ಹಳೇ ರಸ್ತೆಯ ಟಾರಿನ ತುಂಡುಗಳು ಮರಳಲ್ಲಿ ಇನ್ನೂ ಕಾಣುತ್ತವೆ. ನಮ್ಮಪ್ಪ ಅಲ್ಲಿಂದ ಕದಲಲೇ ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜುಲೈ ಬಿಟ್ಟೆವು. ಸೆಪ್ಟೆಂಬರ್ ಕೊನೆಗೆ ರಾಜ್ಯ ಉದ್ಯಾನದಲ್ಲಿ ಜಾಗ ನೋಡ್ತೀವಿ. ಮಗಳಿಗೆ ಚಿಪ್ ಕಥೆ ಓದಿ ಹೇಳಿದೆ, ಕೂಲರ್ ಕಾಯುವುದು ತನ್ನ ಕೆಲಸ ಅಂತಿದ್ದಾಳೆ. ಆಗ ರಾತ್ರಿ ಚಳಿ ಹೇಗೆ?

ಮೇರಿಲ್ಯಾಂಡ್‌ನಿಂದ:

ಗಾಳಿ ಇದ್ದರೆ ಚೆನ್ನಾಗೇ ಚಳಿ. ಹಿರಿಯರಿಗೆ ಸ್ವೆಟರ್, ಟೋಪಿ, ಕೆಳಗೆ ಹಾಸೋಕೆ ದಪ್ಪ ಹಾಸಿಗೆ ಇರಲಿ. ಸೌದೆ ಮನೆಯಿಂದ ತರಬೇಡಿ, ಅದರ ಜೊತೆ ಮರ ಕೊರೆಯುವ ಹುಳ ಬರುತ್ತೆ. ಅಲ್ಲೇ ಹತ್ತಿರ ಕೊಳ್ಳಿ. ಕಾಲುದಾರಿಯಲ್ಲಿ ಓಡಾಡಿ ಬಂದ ಮೇಲೆ ಮಕ್ಕಳ ಕಾಲು, ಕಿವಿಯ ಹಿಂದೆ ಉಣ್ಣಿ ಹತ್ತಿದೆಯಾ ನೋಡಿ, ಸೆಪ್ಟೆಂಬರ್‌ನಲ್ಲೂ ಇರುತ್ತವೆ.