ಭೈರಪ್ಪನವರ 'ಗೃಹಭಂಗ' ಓದಿಸುತ್ತಿದ್ದೇವೆ, ಮಾತು 'ಪಾಪ ನಂಜಮ್ಮ'ನಲ್ಲೇ ನಿಂತಿದೆ

ತಿಪಟೂರು ಓದುಬಳಗ:
ಪದವಿ ಓದುವ ಹದಿನೈದು ಮಕ್ಕಳು, ವಾರಕ್ಕೊಂದು ಕೂಟ. ಕಾದಂಬರಿ ನಮ್ಮ ಸೀಮೆಯದ್ದೇ ಆದರೂ "ಅತ್ತೆ ಗಂಗಮ್ಮ ಕೆಟ್ಟವಳು, ಆಗಿನ ಕಾಲ ಹಾಗಿತ್ತು" ಅಂತ ಮುಗಿಸಿಬಿಡುತ್ತಾರೆ. ಇವತ್ತಿನ ಬದುಕಿನ ನಂಟು ಅವರಿಗೇ ಕಾಣಬೇಕು. ದಾರಿ ಹೇಳಿ.

ಹಳೇ ಖಿರ್ದಿ:
ಗುಣದ ಚರ್ಚೆ ಬಿಡಿಸಿ ಲೆಕ್ಕಕ್ಕೆ ಕೂರಿಸಿ, ಸರ್. ಒಂದು ಹಾಳೆ, ನಾಲ್ಕು ಕಲಂ: ಕೆಲಸ ಏನು, ಮಾಡಿದವರು ಯಾರು, ಹೆಸರು ಯಾರದು, ದುಡ್ಡು ಯಾರ ಕೈಗೆ. ಒಂದು ಕೂಟಕ್ಕೆ ಇಪ್ಪತ್ತು ಪುಟ ಸಾಕು. ಪ್ರತಿ ಸಾಲಿಗೂ ಪುಟಸಂಖ್ಯೆ ಬರೆಸಿ. ಇಲ್ಲದಿದ್ದರೆ ಕಾಸರವಳ್ಳಿಯವರ ಧಾರಾವಾಹಿಯ ನೆನಪಿನಿಂದಲೇ ಹಾಳೆ ತುಂಬಿಬಿಡುತ್ತಾರೆ. ಊರಿನ ಲೆಕ್ಕ ಬರೆಯಬೇಕಾದ ಶಾನುಭೋಗ ಗಂಡ ಚೆನ್ನಿಗರಾಯ, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವವಳೂ ಅವಳೇ.

ಆಮೇಲೆ ಅದೇ ನಾಲ್ಕು ಕಲಮಿನ ಖಾಲಿ ಹಾಳೆ ಮನೆಗೆ ಕೊಟ್ಟು ಕಳಿಸಿ. ತೆಂಗಿನ ತೋಟದ ಪಹಣಿ ಯಾರ ಹೆಸರಲ್ಲಿದೆ? ಹಾಲು ಕರೆಯುವವರು ಯಾರು, ಡೇರಿ ಬಟವಾಡೆ ಯಾರ ಖಾತೆಗೆ? ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ. 50 ಮೀಸಲಾತಿ ಇದೆ. ಸದಸ್ಯೆಯ ಬದಲು ಗಂಡ ಬಂದು ಕೂರುವ ಕಡೆ ಹೆಸರು ಮಾತ್ರ ಅವಳದು. ನಂಜಮ್ಮನಿಗೆ ಕೆಲಸವಿತ್ತು, ಹೆಸರಿರಲಿಲ್ಲ. ಇವಳಿಗೆ ಹೆಸರಿದೆ, ಕೆಲಸಕ್ಕೆ ಬಿಡುತ್ತಿಲ್ಲ. ದಯವಿಟ್ಟು ಇದನ್ನು ನೀವೇ ಮೊದಲು ಹೇಳಬೇಡಿ. ಹೇಳಿದರೆ ಮಕ್ಕಳು ಹುಡುಕುವುದನ್ನು ನಿಲ್ಲಿಸಿ ನಿಮ್ಮ ಉತ್ತರವನ್ನೇ ಬರೆದುಕೊಂಡು ಬರುತ್ತಾರೆ.

ಗಂಗಮ್ಮನಿಗೂ ಒಂದು ಹಾಳೆ ಮಾಡಿಸಿ. ಗಂಡನಿಲ್ಲದ ಹೆಂಗಸಿಗೆ ಆ ಮನೆಯಲ್ಲಿ ಬಾಯಿಯೊಂದನ್ನು ಬಿಟ್ಟರೆ ಬೇರೆ ಯಾವ ಬಲವಿತ್ತು ಅಂತ ಕೇಳಿ.

ಮಾಲೂರು ಸೀಮೆ:
ಮುಂದಿನದಕ್ಕೆ ಶಿವರಾಮ ಕಾರಂತರ 'ಚೋಮನ ದುಡಿ' (1933) ಇರಲಿ. ಚಿಕ್ಕದು, ಎರಡು ವಾರ ಸಾಕು. ಸಾಲ ಅಪ್ಪ ಚೋಮನದು, ತೀರಿಸಲು ಕಾಫಿ ತೋಟಕ್ಕೆ ಹೋದವರು ಮಕ್ಕಳು. ನಮ್ಮ ಕೋಲಾರದ ಕಡೆ ಸಂಘದ ವಾರದ ಕಂತು ಕಟ್ಟುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಹಳೇ ಖಿರ್ದಿ:
ಸಾಲವೊಂದನ್ನೇ ಹಿಡಿದರೆ ಚೋಮ ಕೈತಪ್ಪುತ್ತಾನೆ. ಅವನ ಹತ್ತಿರ ಎತ್ತು ಇದ್ದವು, ರಟ್ಟೆ ಇತ್ತು. ಗೇಣಿಗೆ ಭೂಮಿ ಸಿಗದಿದ್ದುದು ಜಾತಿಯ ಕಾರಣಕ್ಕೆ. ಮಗ ನೀರಲ್ಲಿ ಮುಳುಗುವಾಗಲೂ ಅದೇ ಅಡ್ಡ ಬರುತ್ತದೆ. ಮಕ್ಕಳಿಗೆ ಈ ಪ್ರಶ್ನೆ ಕೊಡಿ: 1974ರ ಭೂಸುಧಾರಣೆವರೆಗೆ ಚೋಮ ಬದುಕಿದ್ದರೆ ಫಾರಂ 7 ಹಾಕಲು ಆಗುತ್ತಿತ್ತೇ? ಉಳುತ್ತಿದ್ದ ಭೂಮಿಯ ಒಡೆತನ ಕೇಳುವ ಆ ಅರ್ಜಿ ಗೇಣಿದಾರರಿಗೆ. ಗೇಣಿಯನ್ನೇ ಕೊಡದೆ ಹೊರಗಿಟ್ಟವನು ಏನೆಂದು ಬರೆಯಬೇಕು? ತಮ್ಮೂರಲ್ಲಿ ಯಾರಿಗೆ ಭೂಮಿ ಬಂತು, ಯಾರಿಗೆ ಬರಲಿಲ್ಲ ಅಂತ ಹಿರಿಯರನ್ನು ಕೇಳಿ ಬರಲಿ. ಕೂಟದಲ್ಲಿ ಮನೆಗಳ ಹೆಸರು ಮಾತ್ರ ಹೇಳಿಸಬೇಡಿ. ಕೂತವರಲ್ಲೇ ಎರಡೂ ಕಡೆಯ ಮನೆಯ ಮಕ್ಕಳಿರುತ್ತಾರೆ.